ಸೀರಿಯಸ್ ಅಂತ ಒಂದು ಮೆಸೇಜು

ನನ್ನ ಅಕ್ಕ ಬದುಕಿರುವಾಗಲೇ ನಾನು ಅವಳ ಸಾವಿನ ಸ್ನಾನ ಮಾಡಿ ಮುಗಿಸಿದೆ. ಸಿಂಗಾಪುರದ ಹೋಟೆಲಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಷವರಿನ ಕೆಳಗೆ ನಿಂತು, ಉಟ್ಟ ಸೀರೆಯಲ್ಲೇ.

ನಗುವವರು ನಗಬಹುದು. ನಾನು ನಗಿಸುವುದಕ್ಕೆ ಬರೆಯುತ್ತಿಲ್ಲ.

ಹೋದ ತಿಂಗಳು ನಮ್ಮ ಬೀದಿಯ ಹೆಂಗಸರು ಹದಿನಾಲ್ಕು ಜನ ಟೂರು ಹೊರಟೆವು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್. ಎಲ್ಲರೂ ಕೊಯಮತ್ತೂರು ಕಡೆಯ ಕನ್ನಡದವರು, ಮಗ್ಗದ ಮನೆಯವರು. ಅರ್ಧ ಜನ ಪಕ್ಕದ ಪಾಲಕ್ಕಾಡನ್ನೂ ನೋಡಿದವರಲ್ಲ. ಹೊರಡುವ ಮುಂಚೆ ಒಂದು ವಾರ ಬೀದಿಯಲ್ಲಿ ಒಂದೇ ಮಾತು. ಎಷ್ಟು ಸೀರೆ ತುಂಬಬೇಕು ಅಂತಲ್ಲ. ಅಲ್ಲಿ ಫೋನು ಹೇಗೆ ನಡೆಯುತ್ತದೆ ಅಂತ.

ನನ್ನ ಮಗಳು ವಸಂತಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಾಳೆ. ಫಾರಿನ್ ಪಾರ್ಟಿಗಳನ್ನು ಕಂಡವಳು.

“ಅಮ್ಮ, ಮೂರು ದೇಶಕ್ಕೂ ಸೇರಿ ರೋಮಿಂಗ್ ಹಾಕಿಸ್ತೀನಿ. ಇಳಿದ ಕೂಡ್ಲೇ ನೆಟ್ ಬಂದ್ಬಿಡುತ್ತೆ.”

“ಬ್ಯಾಡ.”

“ಯಾಕ್ ಬ್ಯಾಡ?”

“ಹೋಟ್ಲಲ್ಲಿ ವೈಫೈ ಇರುತ್ತಂತಲ್ಲ. ಬಸ್ಸಲ್ಲಿ ಕೂತ್ಕೊಂಡು ನಾನೇನ್ ಯಾಪಾರ ಮಾಡ್ಬೇಕಾ?”

“ಏನಾದ್ರೂ ಅವಸರ ಅಂದ್ರೆ?”

“ನನಗಿನ್ನೇನ್ ಅವಸರ? ಇರೋರು ಇದ್ದಾರೆ, ಹೋಗೋರು ಹೋಗಾಯ್ತು.”

ಬಾಯಿಗೆ ಬಂದದ್ದನ್ನು ಹೇಳುವುದು ನನ್ನ ಅಭ್ಯಾಸ. ನಾನು ಬರೆದದ್ದನ್ನು ಮೊದಲಿನಿಂದ ಓದುವವರಿಗೆ ಗೊತ್ತಿದೆ.

ಪಕ್ಕದ ಮನೆ ಜಯಮ್ಮ ಸಿಂಗಾಪುರದಲ್ಲಿ ಇಳಿದದ್ದೇ ಅಲ್ಲಿನ ಸಿಮ್ ಹಾಕಿಸಿದಳು. ನಮ್ಮೂರಿನ ಸಿಮ್ಮನ್ನು ಕುಂಕುಮದ ಡಬ್ಬಿಯಲ್ಲಿ ಮುಚ್ಚಿಟ್ಟಳು. ಎರಡು ದೇಶದ ನಡುವಿನ ಸೇತುವೆ ದಾಟಿ ಮಲೇಷ್ಯಾಕ್ಕೆ ಕಾಲಿಟ್ಟದ್ದೇ ಸಿಂಗಾಪುರದ ಸಿಮ್ ಸತ್ತಿತು. (ಸೇತುವೆಯ ಈ ಕಡೆ ಜೀವ, ಆ ಕಡೆ ಇಲ್ಲ. ನೋಡಿ ಎಂಥ ಗಡಿ.) ನಮ್ಮನ್ನು ಕರೆದುಕೊಂಡು ಹೋದ ಟೂರು ಮ್ಯಾನೇಜರ್ ಫೋನಿನಲ್ಲಿ ಸಿಮ್ಮೇ ಇಲ್ಲದ ಸಿಮ್. ಇ-ಸಿಮ್ ಅಂತೆ. ಮೂರು ದೇಶದಲ್ಲೂ ಅದು ನಿಲ್ಲಲಿಲ್ಲ. ನನ್ನದು ಹಳೆಯ ಫೋನು, ಅದನ್ನು ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳುವವಳಲ್ಲ.

ಎರಡನೆಯ ದಿನ ಬೆಳಿಗ್ಗೆ, ಇನ್ನೂ ಸಿಂಗಾಪುರದಲ್ಲೇ ಇರುವಾಗ, ಹೋಟೆಲಿನ ವೈಫೈಯಲ್ಲಿ ಒಂದು ಮೆಸೇಜು ಬಂತು. ಅಕ್ಕನ ಸೊಸೆ ಶಾಂತಿ ಕಳಿಸಿದ್ದು. ನಮ್ಮ ಮನೆಗಳಲ್ಲಿ ಈಗಿನವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಮಾತು ಕನ್ನಡ, ಅಕ್ಷರ ತಮಿಳು. ಬಸ್ಸಿನ ಬೋರ್ಡು ಓದುವಷ್ಟು ತಮಿಳು ನನಗೂ ಬರುತ್ತದೆ. ಕೂಡಿಸಿ ಕೂಡಿಸಿ ಓದಿದೆ.

“ಚಿಕ್ಕತ್ತೆ, ಅತ್ತೆ ಸೀರಿಯಸ್.”

ಅಷ್ಟೇ. ಓದಿದೆ. ಫೋನು ಆಫ್ ಮಾಡಿದೆ. ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡೆ.

ಯಾಕೆ ಅಂತ ಬೇರೆ ಊರಿನವರು ಕೇಳಬಹುದು. ನಮ್ಮವರು ಕೇಳುವುದಿಲ್ಲ. ನಮ್ಮ ಕಡೆ ಯಾರು ಸತ್ತರೂ, ಸತ್ತರು ಅಂತ ದೂರದವರಿಗೆ ಹೇಳಿದ್ದುಂಟಾ? “ಸೀರಿಯಸ್ಸಾಗಿದೆ, ಬೇಗ ಬನ್ನಿ.” ಇಷ್ಟೇ ಹೇಳುವುದು. ಕೇಳಿದವರು ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಬೀಳದಿರಲಿ, ಮನೆಯವರೆಗೆ ಬಂದು ಆಮೇಲೆ ಬೀಳಲಿ ಅಂತ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇಬ್ಬರೂ ಬಸ್ ಹತ್ತುತ್ತಾರೆ.

ಜಯಮ್ಮ ಬಾಗಿಲಲ್ಲಿ ನಿಂತಿದ್ದಳು. “ಏನಕ್ಕ ಇದು? ಸೀರೆಯೆಲ್ಲ ಒದ್ದೆ!”

“ಅಕ್ಕ ಹೋಗ್ಬಿಟ್ಳು. ಯಾರಿಗೂ ಹೇಳ್ಬೇಡ. ಬಸ್ಸಲ್ಲಿ ಹದಿಮೂರು ಜನ ಅಳೋದನ್ನ ನೋಡೋಕೆ ನನ್ನಿಂದ ಆಗಲ್ಲ.”

“ಒಂದ್ ಫೋನಾದ್ರೂ ಮಾಡಕ್ಕ.”

“ಫೋನಲ್ಲಿ ದುಃಖ ಕೇಳೋದುಂಟಾ? ಹೋಗಿ ಕೂತು ಕೇಳ್ಬೇಕು.”

ಅದೂ ನಮ್ಮ ಕಡೆಯ ಪದ್ಧತಿಯೇ. ಸತ್ತ ಮನೆಗೆ ನಡೆದು ಹೋಗಬೇಕು, ಜಗಲಿಯಲ್ಲಿ ಕೂರಬೇಕು, ಬರುವಾಗ ‘ಹೋಗಿ ಬರ್ತೀನಿ’ ಅನ್ನದೆ ಎದ್ದು ಬರಬೇಕು. ಹೆಣವನ್ನು ನನಗಾಗಿ ಒಂದು ವಾರ ಇಟ್ಟುಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ಓಡಿ ಹೋಗಿ ಏನು ಮಾಡಲಿ? ಹೀಗೆ ಲೆಕ್ಕ ಹಾಕಿ ಬಸ್ಸಿನ ಕಿಟಕಿಯ ಪಕ್ಕ ಕೂತೆ. ಸೇತುವೆ ದಾಟಿದೆವು. ಅಕ್ಕ ಹೋದಳು ಅಂತ ನಾನು ಅಳಲಿಲ್ಲ. ಸುಲಭಕ್ಕೆ ಬರುವ ಪೈಕಿ ಅಲ್ಲ ನನ್ನ ಕಣ್ಣೀರು.

ಆ ಸಂಜೆ ಟೂರು ಮ್ಯಾನೇಜರ್ ನನ್ನ ಸೀಟಿನ ಹತ್ತಿರ ಬಂದರು. “ಅಮ್ಮಾ, ನಿಮ್ಮ ಮಗಳು ನನಗೆ ಫೋನ್ ಮಾಡಿದ್ರುಂಗ. ನಿಮ್ಮ ಫೋನ್ ಆನ್ ಮಾಡೋಕೆ ಹೇಳಿದ್ರು.”

“ಗೊತ್ತು,” ಅಂದೆ.

ಈ ‘ಗೊತ್ತು’ ಅನ್ನುವ ಮಾತನ್ನು ಆಮೇಲೆ ಎಷ್ಟು ಸಲ ನೆನೆದೆನೋ. ಏನು ಗೊತ್ತಿತ್ತು ನನಗೆ?

ಮರುದಿನ ಬೆಳಿಗ್ಗೆ ಕೌಲಾಲಂಪುರದ ಹತ್ತಿರ ಮುರುಗನ್ ಗುಡಿ. ಗುಹೆಯೊಳಗೆ. ನಮ್ಮ ಹೆಂಗಸರು ಟೂರಿಗೆ ಹೊರಟದ್ದೇ ಆ ಗುಡಿಗಾಗಿ. ಎಲ್ಲರೂ ಮೆಟ್ಟಿಲು ಹತ್ತಿದರು. ಸೂತಕದವಳು ನಾನು, ಕೆಳಗೆ ಬಸ್ಸಿನಲ್ಲೇ ಕೂತೆ.

ಬಸ್ಸಿನ ಡ್ರೈವರ್ ಅಲ್ಲಿಯೇ ಹುಟ್ಟಿದ ತಮಿಳಿನವನು. ಅವನ ತಮಿಳು ಪ್ರತಿ ಮಾತಿಗೂ ‘ಲಾ’ ಅಂತ ಮುಗಿಯುತ್ತದೆ. ಯಾಕೆ ಹತ್ತಲಿಲ್ಲ ಅಂತ ಕೇಳಿದ. ತೀಟು, ಅಂದರೆ ಸೂತಕ, ಅಂದೆ. ಯಾರು ಅಂದ. ಅಕ್ಕ ಅಂದೆ. ಯಾವಾಗ ಅಂದ. ನಿನ್ನೆ ಬೆಳಿಗ್ಗೆ ಮೆಸೇಜು ಬಂತು ಅಂದೆ.

“ಇರಂದುಟ್ಟಾಂಗನ್ನು ಪೋಟ್ಟಾಂಗಳಾ?” ಸತ್ತರು ಅಂತ ಹಾಕಿದ್ದರಾ ಅಂತ ಕೇಳಿದ.

“ಇಲ್ಲ. ಸೀರಿಯಸ್ ಅಂತ.”

ಅವನು ನನ್ನ ಮುಖವನ್ನೇ ನೋಡಿದ. “ಅಮ್ಮಾ, ಸೀರಿಯಸ್‌ನಾ ಸೀರಿಯಸ್ ದಾನೇ ಲಾ?” ಸೀರಿಯಸ್ ಅಂದರೆ ಸೀರಿಯಸ್ಸೇ ತಾನೇ, ಅಂತ.

ಎಪ್ಪತ್ತು ದಾಟಿದ ಹೆಂಗಸು ನಾನು. ಆ ಮಾತಿಗೆ ಹಾಗೂ ಒಂದು ಅರ್ಥ ಇದೆ ಅಂತ ಒಬ್ಬ ಪರದೇಶದ ಬಸ್ ಡ್ರೈವರ್ ಹೇಳಬೇಕಾಯಿತು.

ಫೋನು ತೆಗೆದೆ. ಆನ್ ಮಾಡುವ ಗುಂಡಿ ಸಿಗಲಿಲ್ಲ. ಅವನೇ ಆನ್ ಮಾಡಿದ. ತನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟ. ಹೊಳೆಯ ನೀರು ಬಿಟ್ಟ ಹಾಗೆ ಬಂದು ಬಿದ್ದವು. ವಸಂತಿಯ ಮಿಸ್ಡ್ ಕಾಲ್, ಶಾಂತಿಯ ಮಿಸ್ಡ್ ಕಾಲ್. ಅಕ್ಕನ ಫೋನಿನಿಂದ ಮೂರು ವಾಯ್ಸ್ ಮೆಸೇಜು.

ಹಿಂದಿನ ದಿನ ಮಧ್ಯಾಹ್ನದ್ದು ಮೊದಲನೆಯದು. ಅಕ್ಕನಿಗೆ ಮೇಲುಸಿರು ಬರುತ್ತಿತ್ತು. “ಎಲ್ಲಿದ್ದೀಯಾಡೀ? ಫೋನ್ ಎತ್ತು. ಆಸ್ಪತ್ರೆಗೆ ತಂದ್ ಹಾಕವ್ರೆ.”

ಎರಡನೆಯದು ಸಂಜೆ. “ನೋಡಿದ್ದೀಯ ಅಂತ ನೀಲಿ ಗೀಟು ಬಿದ್ದದೆ ಅಂತಾಳೆ ಶಾಂತಿ. ನೋಡಿನೂ ಸುಮ್ನಿದ್ದೀಯಾ? ಇರ್ಲಿ. ಒಂದ್ ಕೇಳ್ಬೇಕು ನಿನ್ನ. ಎತ್ತು.”

ಮೂರನೆಯದರಲ್ಲಿ ಮಾತಿಲ್ಲ. ಉಸಿರು ಮಾತ್ರ.

ಏನು ಕೇಳಬೇಕಿತ್ತು ಅವಳಿಗೆ? ಈಗ ಒಂದು ಹಳೆಯ ವಿಷಯ ಬರೆಯಲೇಬೇಕು.

ಭಾವ, ಅಂದರೆ ಅಕ್ಕನ ಗಂಡ, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಹೋದರು. ಹತ್ತಿರ ಇದ್ದದ್ದು ನಾನೊಬ್ಬಳೇ. ಮಕ್ಕಳಿಗೆ ಅಡುಗೆ ಮಾಡಿಟ್ಟು ಬರುತ್ತೇನೆ ಅಂತ ಅಕ್ಕ ಅವಳ ಊರು ನೆಗಮಂಗೆ ಹೋಗಿದ್ದಳು. ಅವರ ಪಕ್ಕದ ಮನೆಗೆ ನಾನು ಫೋನು ಮಾಡಿ, “ಸೀರಿಯಸ್ಸಾಗಿದೆ, ಅಕ್ಕನಿಗೆ ಬರೋಕೆ ಹೇಳಿ” ಅಂದೆ. ಅವಳು ಅದನ್ನು ನಂಬಿದಳು. ಉಕ್ಕಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಚೀಲ ಮೂಸಂಬಿ ತೆಗೆದುಕೊಂಡು ಬಂದಳು. ಹಿಂಡಿ ಕುಡಿಸೋಣ ಅಂತ. ಹೆಣದ ಮುಂದೆ ಆ ಚೀಲ ಹಿಡಿದುಕೊಂಡು ನಿಂತು, ನನ್ನನ್ನು ಕೇಳಿದಳು: “ನೀನ್ ಫೋನ್ ಮಾಡಿದಾಗ ಇದ್ರಾ?”

“ಇದ್ರು. ಈಗಲೇ ಹೋದ್ರು,” ಅಂದೆ.

ಮತ್ತೆ ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಫೋನಿನಲ್ಲಿ ಕೇಳಬೇಕು ಅಂದದ್ದು ಅದೇ ಇರಬಹುದು. ಇಲ್ಲದೆಯೂ ಇರಬಹುದು. (ಬೀರುವಿನ ಸೀರೆಗಳನ್ನು ಯಾರಿಗೆ ಕೊಡಲಿ ಅಂತಲೂ ಇರಬಹುದು. ಅವಳು ಅಂಥವಳೇ.)

ಶಾಂತಿಗೆ ಕಾಲ್ ಮಾಡಿದೆ. “ಚಿಕ್ಕತ್ತೆ, ಬೆಳಗಿನ ಜಾವ ಬಾಯಿಗೆ ಟ್ಯೂಬ್ ಹಾಕ್ಬಿಟ್ರು. ಇನ್ ಮಾತಾಡೋಕಾಗಲ್ಲ. ಕೇಳ್ಸುತ್ತೆ ಅಂತಾರೆ ನರ್ಸಮ್ಮ. ಕಿವಿಗೆ ಹಿಡೀಲಾ?”

“ಹಿಡಿ.”

ಬಸ್ಸುಗಳು ನಿಲ್ಲುವ ಜಾಗ. ಸುತ್ತ ಕೋತಿ, ಪಾರಿವಾಳ, ಹಾರ್ನು. ಕೂಗಿಯೇ ಹೇಳಿದೆ. “ಅಕ್ಕ, ನಾನು. ನೀನ್ ಹೋಗ್ಬಿಟ್ಟೆ ಅಂತ ತಲೆಗೆ ನೀರ್ ಹಾಕ್ಕೊಂಡೆ. ಬೈಯ್ಕೋ ನನ್ನ. ಇನ್ನೊಂದು. ಭಾವ ಹೋದದ್ದು ನಾನ್ ಫೋನ್ ಮಾಡೋ ಮುಂಚೇನೇ. ಸುಳ್ಳ್ ಹೇಳ್ದೆ. ಎರಡು ಸಲ ಹೇಳ್ದೆ.”

ಅತ್ತೆಯ ಹುಬ್ಬು ಅಲ್ಲಾಡಿತು ಅಂದಳು ಶಾಂತಿ. ಒಳ್ಳೆಯ ಹುಡುಗಿ, ನನ್ನ ಸಮಾಧಾನಕ್ಕೆ ಹೇಳಿರುತ್ತಾಳೆ. ನಾನು ನಂಬಲಿಲ್ಲ.

ಒಂದು ದಿನ ಪೂರ್ತಿ ಅಕ್ಕನಿಗೆ ಮಾತಿತ್ತು. ಆ ಒಂದು ದಿನ ನನ್ನ ಫೋನು ಆಫ್ ಆಗಿತ್ತು. ನೆಟ್ ಇರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ನಮ್ಮ ಬೀದಿಯಲ್ಲಿ ಹಾಗೆಯೇ ಹೇಳಿಕೊಂಡಿದ್ದಾರೆ, ಪಾಪ. ಆದರೆ ಮೆಸೇಜು ಬಂದಿತ್ತಲ್ಲ? ಶಾಂತಿ ನಿಜವನ್ನೇ ಬರೆದಿದ್ದಳು. ಸುಳ್ಳು ಅಂತ ಓದಿದ್ದು ನಾನು.

ಮ್ಯಾನೇಜರ್ ಟಿಕೆಟ್ ಬದಲಾಯಿಸಿಕೊಟ್ಟರು. ಥಾಯ್ಲೆಂಡ್ ನೋಡಲಿಲ್ಲ. ಚೆನ್ನೈಯಲ್ಲಿ ಇಳಿದು ಬೇರೆ ವಿಮಾನ ಹತ್ತಿ ಮರುದಿನ ಮಧ್ಯಾಹ್ನ ಕೊಯಮತ್ತೂರಿಗೆ ಬಂದೆ. ನಮ್ಮ ನೆಲ, ನಮ್ಮ ಸಿಮ್ಮು. ಏನೂ ಮಾಡದೆ ನೆಟ್ ಬಂತು. ಮೆಸೇಜೂ ಬಂತು.

“ಚಿಕ್ಕತ್ತೆ, ಅತ್ತೆ ತುಂಬಾ ಸೀರಿಯಸ್. ಬೇಗ ಬನ್ನಿ.”

ಒಂದು ಸಲ ಕೆಟ್ಟು ಬುದ್ಧಿ ಕಲಿತವಳಲ್ಲವಾ ನಾನು? ಸೀರಿಯಸ್ ಅಂದರೆ ಸೀರಿಯಸ್ಸೇ ಅಂದುಕೊಂಡೆ. ಇದ್ದಾಳೆ ಅಂದುಕೊಂಡೆ. ಆಸ್ಪತ್ರೆ ಇದ್ದದ್ದು ಪೀಳಮೇಡಿನಲ್ಲೇ, ಏರ್‌ಪೋರ್ಟಿನ ಹತ್ತಿರ. ಆಟೋದವನಿಗೆ, “ಬೇಗ ಹೋಗಪ್ಪಾ, ನಮ್ಮಕ್ಕ ಕಾಯ್ತಾವ್ಳೆ” ಅಂದೆ. ಪೆಟ್ಟಿಗೆ ಎಳೆದುಕೊಂಡು ಮೇಲೆ ಹೋದೆ. ಬೆಡ್ಡಿನ ಮೇಲೆ ಹೊಸ ಬಟ್ಟೆ ಹಾಸುತ್ತಿದ್ದರು.

“ಕಾಲೈಲೇ ಎಡುತ್ತುಟ್ಟು ಪೋಯಿಟ್ಟಾಂಗಳೇ ಪಾಟ್ಟಿ,” ಅಂದಳು ನರ್ಸು. ಬೆಳಿಗ್ಗೆಯೇ ಎತ್ತಿಕೊಂಡು ಹೋದರಲ್ಲ ಅಜ್ಜಿ, ಅಂತ.

ಮೊದಲ ಸಲ ಆ ಮಾತನ್ನು ಸಾವು ಅಂತ ಓದಿದೆ, ಜೀವ ಇತ್ತು. ಎರಡನೆಯ ಸಲ ಜೀವ ಅಂತ ಓದಿದೆ, ಸಾವಾಗಿತ್ತು. ಒಂದೇ ಮಾತು, ಅದೇ ಹುಡುಗಿ, ಅದೇ ಫೋನು.

ನೆಗಮಂಗೆ ಹೋದೆ. ಎಲ್ಲ ಮುಗಿದ ಮೇಲೆ ಶಾಂತಿಯನ್ನು ಹಿತ್ತಲಿಗೆ ಕರೆದು ಕೇಳಿದೆ.

“ಯಾಕಮ್ಮ ಕಣ್ಣು, ಮೆಸೇಜ್ ಹಂಗ್ ಹಾಕ್ದೆ?”

“ಏರ್‌ಪೋರ್ಟಲ್ಲಿ ಒಬ್ರೇ ಇರ್ತೀರಲ್ಲ ಚಿಕ್ಕತ್ತೆ. ಅಲ್ಲೇ ಎಲ್ಲಾದ್ರೂ ಬಿದ್ದುಗಿದ್ದು ಹೋದ್ರೆ ಯಾರಿದ್ದಾರೆ ನೋಡೋಕೆ?”

“ನಾನ್ ಬೀಳೋಳಾ?”

“ಅತ್ತೇನೂ ನಾನ್ ಬೀಳೋಳಾ ಅಂತಿದ್ರು. ಮಾವ ಹೋದ ದಿವ್ಸ ನೀವೂ ಸೀರಿಯಸ್ ಅಂತ್ಲೇ ತಾನೇ ಹೇಳಿದ್ದು? ಅತ್ತೆ ಯಾವಾಗ್ಲೋ ಹೇಳಿದ್ರು.”

ಅಕ್ಕ ಅವಳಿಗೆ ಹೇಳಿದ್ದಳು. ಅಂದರೆ ಅಕ್ಕನಿಗೆ ಅವತ್ತಿನಿಂದಲೇ ಗೊತ್ತಿತ್ತು. ನಾನು ಬೈಯುವುದಕ್ಕೆ ಅಂತ ಕರೆದವಳು, ಬೈಯಲಿಲ್ಲ. ನಾನು ಕಲಿಸಿದ್ದನ್ನೇ ಅವಳು ಮಾಡಿದ್ದು.

ಈಗ ನನ್ನ ಮಾತು ಕೇಳಿ. ಆ ಕಾಲದಲ್ಲಿ ಸುದ್ದಿ ನಡೆದುಕೊಂಡು ಬರುತ್ತಿತ್ತು, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬರುತ್ತಿತ್ತು. ಆ ದಾರಿಗೆ ಅಂತ ಒಂದು ಸುಳ್ಳನ್ನು ಮೆತ್ತಗೆ ಮಾಡಿ ಕೈಗೆ ಕೊಡುತ್ತಿದ್ದೆವು. ಈಗ ದಾರಿಯೇ ಇಲ್ಲ. ಸಮುದ್ರದ ಆಚೆಗೂ ಕಣ್ಣು ಮಿಟುಕಿಸುವುದರಲ್ಲಿ ಹೋಗಿ ಸೇರುತ್ತದೆ. ಸುಳ್ಳು ಮಾತ್ರ ಅದೇ ಹಳೆಯದು. ಯಾವ ದೇಶಕ್ಕೆ ಯಾವ ಸಿಮ್ಮು, ಎಷ್ಟು ಜಿಬಿ, ಎಷ್ಟು ದಿನ ಅಂತ ಒಂದು ವಾರ ಕೂತು ಮಾತಾಡಿದೆವು. ಆ ಜಿಬಿಯಲ್ಲಿ ಬರುವ ಮಾತು ಯಾವ ಅರ್ಥದ್ದು ಅಂತ ಒಬ್ಬರೂ ಮಾತಾಡಲಿಲ್ಲ.

ಮನೆಯ ಗ್ರೂಪಿಗೆ ವಾಯ್ಸ್ ಮೆಸೇಜು ಹಾಕಿದ್ದೇನೆ. “ಇನ್ಮೇಲೆ ಸತ್ತರೆ ಸತ್ತರು ಅಂತ ಹಾಕಿ. ನಾನ್ ಸತ್ತಾಗ್ಲೂ ಅಷ್ಟೆ. ಬೀಳೋರು ಬೀಳ್ಲಿ.” ಅಳಿಯ ಒಬ್ಬ ಕೈ ಮುಗಿಯುವ ಬೊಂಬೆ ಕಳಿಸಿದ.

ಬರೆಯುವುದಕ್ಕೆ ಕೈ ಬರದಿದ್ದರೆ ಬರೆಯಬೇಡಿ. ಉಸಿರು ಇನ್ನೂ ಇದ್ದರೆ ಕಾಲ್ ಮಾಡಿ, ಫೋನನ್ನು ಅವರ ಕಿವಿಗೆ ಹಿಡಿಯಿರಿ, ಇನ್ನೂ ಇದ್ದಾರೆ ಅಂತ ಈ ಕಡೆಯವರಿಗೆ ಅರ್ಥವಾಗುತ್ತದೆ.

ಸತ್ತವರ ಕಿವಿಗೆ ಯಾರಾದರೂ ಫೋನು ಹಿಡಿಯುತ್ತಾರಾ?