ಅಪ್ಪನ ಕರಿ ಎರಡು

ಹಳೆಯ ತಂಬೂರಿಯ ಗವಸಣಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಒಣಗಿದ ಕುಂಬಳದ ಬುರುಡೆ, ಕೊಬ್ಬರಿ ಎಣ್ಣೆ, ಹಿತ್ತಾಳೆ ತಂತಿ, ಮೀಟಿದವರ ಬೆರಳಿನ ಬೆವರು ಎಲ್ಲ ಕೂಡಿದ ವಾಸನೆ. ಜೇವರ್ಗಿಯ ಬಸ್ ನಿಲ್ದಾಣದ ಹಿಂದಿರುವ ನನ್ನ ಅಂಗಡಿಗೆ ಹೋದ ವಾರ ಕೊಳಕೂರಿನ ಭಜನೆ ಹಾಡುಗಾರನೊಬ್ಬ ಅಂಥದೊಂದು ತಂಬೂರಿ ಹೊತ್ತು ತಂದಿದ್ದ. ಇದನ್ನಿಟ್ಟುಕೊಂಡು ಒಂದು ಶ್ರುತಿಪೆಟ್ಟಿಗೆ ಕೊಡಿ ಎಂದ. ಹಳೇ ಸಾಮಾನು ಕೊಳ್ಳುವುದು, ಮಾರುವುದು ನನ್ನ ಕಸುಬು. ಯಾರು ಏನು ತಂದರೂ ಮೊದಲು ಅದರಲ್ಲೊಂದು ಕೊರೆ ಹುಡುಕಿ ಹೆಸರಿಡುವುದು ನನ್ನ ರೂಢಿ. ಹಾಗೆ ಮಾಡಿಯೇ ನಾನು ಬರಿಗೈಯಿಂದ ಈ ಅಂಗಡಿ ಕಟ್ಟಿದ್ದು. ಅವತ್ತೂ ಬುರುಡೆಯಲ್ಲಿ ಬಿರುಕಿದೆ ಎನ್ನಲು ಬಾಯಿ ತೆರೆದವಳು, ಆ ವಾಸನೆಗೆ ಸುಮ್ಮನಾಗಿಬಿಟ್ಟೆ. ಮಾದನಹಿಪ್ಪರಗಾದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬಂದು ಕೂತಿತು.

ಆ ಮನೆಯಲ್ಲಿ ನಾವು ಇದ್ದದ್ದು ಮೂವರೇ. ಅವ್ವ ನನಗೆ ನೆನಪು ಮೂಡುವ ಮೊದಲೇ ಹೋಗಿದ್ದಳು. ಅಪ್ಪ ಊರ ಸಾಲೆಯ ಮಾಸ್ತರ. ಅಪ್ಪನ ಅಕ್ಕ ಗುರುಬಾಯಿ ಗಂಡ ತೀರಿದ ಮೇಲೆ ತವರಿಗೆ ಬಂದು ನನ್ನನ್ನು ಸಾಕಿದವಳು. ನನಗೆ ಅವಳು ಅತ್ತೆ. ಅಪ್ಪ ವಚನ ಹಾಡುತ್ತಿದ್ದ, ಅತ್ತೆ ಅವನ ಹಿಂದೆ ಕೂತು ತಂಬೂರಿ ಮೀಟುತ್ತಿದ್ದಳು. ಪ್ರತಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಓಣಿಯ ಜನ ಬಂದು ಪಡಸಾಲೆಯ ಕಂಬಗಳಿಗೆ ಒರಗಿ ಕೂಡುತ್ತಿದ್ದರು. ದರ್ಜಿ ಮೌಲಾ ಚಾಚಾ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ತಬಲಾ ಎತ್ತಿಕೊಂಡು ಬರುತ್ತಿದ್ದ. ಅತ್ತೆ ತನ್ನ ಹಳೆಯ ಸೀರೆಯ ಸೆರಗಿನಿಂದ ನಾಲ್ಕು ನೂಲೆಳೆ ಕಿತ್ತು ತಂತಿಗಳ ಅಡಿಗೆ ತೂರಿಸುತ್ತಿದ್ದಳು. ಆ ನೂಲಿಗೆ ಜೀವಾಳ ಎನ್ನುತ್ತಾರೆ. ಅದು ಕೂಡುವ ಜಾಗದಲ್ಲಿ ಕೂತ ಕ್ಷಣ ತಂತಿ ಜೇನುಗೂಡಿನ ಹಾಗೆ ತುಂಬಿಕೊಂಡು ಗುಂಯ್‌ಗುಡಲು ಹತ್ತುತ್ತಿತ್ತು. ಇಡೀ ವಾರ ಹಿಟ್ಟು, ಒಲೆ, ಕೊಟ್ಟಿಗೆ ಎಂದು ಬಾಗಿದ ಬೆನ್ನು ಆಗ ಮಾತ್ರ ನೆಟ್ಟಗಾಗುತ್ತಿತ್ತು. ಅವಳು ಜನರ ನಡುವೆ ಕೂಡುವುದಕ್ಕೆ ಇದ್ದ ಜಾಗ ಅದೊಂದೇ.

ಅಪ್ಪನಿಗೆ ಒಂದು ಹೆಮ್ಮೆ ಇತ್ತು: ತನ್ನದು ಕರಿ ಎರಡು ಎಂಬುದು. ಹಾರ್ಮೋನಿಯಂ ಪೇಟಿಯ ಎರಡನೆಯ ಕರಿಮನೆಯ ಶ್ರುತಿ ಅದು, ಗಂಡಸಿನ ಕಂಠಕ್ಕೆ ಎತ್ತರದ್ದು. ಹರೆಯದಲ್ಲಿ ಅಫಜಲಪುರದ ಕಡೆ ಎಲ್ಲೋ ಹಾಡಿದಾಗ ಹಿರಿಯ ಹಾಡುಗಾರರೊಬ್ಬರು ಅವನ ಬೆನ್ನು ತಟ್ಟಿ ಹಾಗೆ ಹೇಳಿದ್ದರಂತೆ. ಅಪ್ಪ ಆ ಮಾತನ್ನು ಇನ್ನೊಂದು ಹೆಸರಿನ ಹಾಗೆ ಇಟ್ಟುಕೊಂಡಿದ್ದ. ಪೇಟಿಯನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. "ಪೇಟಿ ಅಂದ್ರ ದನಿಗೆ ಊರುಗೋಲು. ನನಗ್ಯಾಕ ಬೇಕು?" ಎನ್ನುತ್ತಿದ್ದ.

ಬೇರೆ ಊರಿನ ಕರೆ ಬಂದರೆ ತಂಬೂರಿಯನ್ನು ಬಸ್ಸಿನಲ್ಲಿ ಒಯ್ಯುವುದು ದೊಡ್ಡ ಪಜೀತಿ. ಮೇಲೆ ಹಾಕಿದರೆ ಒಡೆಯುತ್ತದೆಂದು ಅತ್ತೆ ಅದನ್ನು ತೊಡೆಯ ಮೇಲೆಯೇ ಮಲಗಿಸಿಕೊಳ್ಳುತ್ತಿದ್ದಳು. ಒಮ್ಮೆ ಆಳಂದದ ಬಸ್ಸಿನಲ್ಲಿ ಕಂಡಕ್ಟರ್ ನಗುತ್ತ, "ಅಮ್ಮಾರ, ಆ ಕುಂಬಳಕಾಯಿಗೂ ಟಿಕೀಟ್ ತಗೋರಿ" ಎಂದ. ಅತ್ತೆ ಮುಖ ಎತ್ತದೆ, "ಇನ್ನಾ ಕೂಸದ ಯಪ್ಪಾ, ಅರ್ಧಾನೇ ಕೊಡು" ಎಂದಳು. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಆಗ ನನಗೆ ಹದಿನಾಲ್ಕು ವರ್ಷ. ಅತ್ತೆಯ ಬೆರಳ ಗಂಟುಗಳು ಬಾತಿದ್ದು ನೋಡುತ್ತಿದ್ದೆ. ಇದಕ್ಕೊಂದು ದಾರಿ ಇರಲೇಬೇಕು ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು.

ದಾರಿ ಆಳಂದದ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಬೆಲ್ಲದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ಸೆಲ್ಲು ಹಾಕಿ ಗುಂಡಿ ತಿರುವಿದರೆ ತಂಬೂರಿಯಂಥದೇ ದನಿ, ಬೇಕಾದ ಶ್ರುತಿಗೆ ಒಂದೊಂದು ಗುರುತು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಅದು ಹೊಸ ಸೋಜಿಗ. ನಮ್ಮ ಕೆಟ್ಟ ರೇಡಿಯೊ ಮತ್ತು ಒಂದು ಚೀಲ ತೊಗರಿಗೆ ಅದನ್ನು ಇಳಿಸಿಕೊಳ್ಳಲು ಮೂರು ಸಂತೆ ಓಡಾಡಿದೆ. ಒಂದೊಂದು ಸಲವೂ ಬೇಡವೆಂದು ಎದ್ದು ಬಂದೆ, ಅಂಗಡಿಯವನು ಪ್ರತಿ ಸಲವೂ ಹಿಂದಿನಿಂದ ಕರೆದ. ಕಡೆಗೆ ಅವನು, "ಈ ಹುಡುಗಿ ಯಾರ ಮನ್ಯಾಗ ಸೊಸಿ ಆಗ್ತದೋ, ಅವರ ಖೈರಿಯತ್ ಇಲ್ಲ" ಎಂದು ಕೈಗಿತ್ತ. ನನ್ನ ಬದುಕಿನ ಮೊದಲ ವ್ಯಾಪಾರ ಅದು.

ಅಪ್ಪ ಖುಷಿಪಟ್ಟ. ಅತ್ತೆ ಮಾತ್ರ ಪೆಟ್ಟಿಗೆಯನ್ನು ಮುಟ್ಟಿಯೂ ನೋಡಲಿಲ್ಲ. "ಇದು ಬ್ಯಾಡ ಬೇ ನೀಲಾ. ವಾಪಸ್ ಕೊಟ್ಟು ಬಾ," ಎಂದಳು.

"ನಿನ್ನ ಕೈಗೆ ಆರಾಮ ಆಗ್ತದಲ್ಲತ್ತಿ."

"ನನ್ನ ಕೈಗೆ ಏನಾಗ್ಯದ? ಅದಕ್ಕ ಹಾಡೋರ ಮಾರಿ ಕಾಣಂಗಿಲ್ಲ. ಸುಮ್ನ ಬಡಕೋತದ."

ತನ್ನ ಜಾಗ ಹೋಗುತ್ತದೆಂದು ಅತ್ತೆ ಹೆದರಿದ್ದಾಳೆ ಎಂದುಕೊಂಡೆ. ಪಾಪ ಎನಿಸಿತು, ಆದರೆ ಹಿಂದೆ ಸರಿಯಲಿಲ್ಲ. ಒಳ್ಳೆಯ ಸಾಮಾನಿಗೆ ಜನ ಹೊಂದಿಕೊಳ್ಳಲು ನಾಲ್ಕು ದಿನ ಬೇಕು ಎಂಬ ಬುದ್ಧಿ ಆಗಲೇ ನನಗಿತ್ತು.

ಆ ಸೋಮವಾರ ಪಡಸಾಲೆ ತುಂಬಿತ್ತು. ಅಪ್ಪ ವಿಭೂತಿ ಹಚ್ಚಿಕೊಳ್ಳಲು ಒಳಗೆ ಹೋಗಿದ್ದ. ನಾನು ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಗುಂಡಿಯನ್ನು ಕರಿ ಎರಡಕ್ಕೆ ತಿರುವಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನನ್ನ ಪಕ್ಕ ಬಾಗಿ, ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಬಿಳಿ ಒಂದು. ಮೂರು ಮನೆ ಕೆಳಗೆ.

"ಅತ್ತಿ, ತಪ್ಪು ಹಚ್ಚಿದಿ ನೋಡು!" ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕೆ. "ಅಪ್ಪಂದು ಕರಿ ಎರಡು."

"ಸುಮ್ಕಿರ ಬೇ," ಎಂದಳು ಹಲ್ಲು ಕಚ್ಚಿ.

ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದಿದ್ದ. "ಏನದು? ಕರಿ ಎರಡಕ್ಕಿಡು ನೀಲಾ." ನಾನು ಇಟ್ಟೆ. ಮೌಲಾ ಚಾಚಾ ಸುತ್ತಿಗೆಯಿಂದ ತಬಲಾದ ಅಂಚಿಗೆ ಎರಡು ಸಲ ಬಡಿದು ಕೈಬಿಟ್ಟ. "ಮಾಸ್ತರ, ಇದು ಅಷ್ಟು ಮ್ಯಾಲ ಏರಂಗಿಲ್ರಿ."

"ಹೋದ ಸೋಮವಾರ ಏರಿತ್ತಲ್ಲೋ ಮೌಲಾ?"

ಚಾಚಾ ಸುತ್ತಿಗೆಯನ್ನು ಪಕ್ಕಕ್ಕಿಟ್ಟ. ಅಪ್ಪ ಕೂತು ದನಿ ತೆಗೆದ. ಕೆಳಗಿನ ಸ್ವರಗಳಲ್ಲಿ ಏನೂ ತಿಳಿಯಲಿಲ್ಲ. ಮೇಲಕ್ಕೆ ಹೋಗುವಾಗ, ಕತ್ತಲಲ್ಲಿ ಏಣಿ ಹತ್ತುವವನ ಕಾಲಿಗೆ ಕಡೆಯ ಮೆಟ್ಟಿಲು ಸಿಗದ ಹಾಗೆ, ದನಿ ಅಲ್ಲಿಯೇ ನಿಂತಿತು. ಕೆಮ್ಮಿ ಇನ್ನೊಮ್ಮೆ ಎತ್ತಿದ. ಒಡೆಯಿತು. ಜನ ನೆಲ ನೋಡಿದರು. ಪೆಟ್ಟಿಗೆ ಮಾತ್ರ ಯಾರಿಗೂ ಕಾಯದೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದನ್ನು ನಿಲ್ಲಿಸುವುದು ಆ ಪಡಸಾಲೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನನಗೆ ಕೈ ಮುಂದಾಗಲಿಲ್ಲ.

ಅಪ್ಪ ತಿರುಗಿ ಅತ್ತೆಯನ್ನು ನೋಡಿದ. "ಎಷ್ಟು ದಿನ ಆತಕ್ಕಾ, ತಂಬೂರಿ ಶ್ರುತಿ ಇಳಸಲಿಕ್ಕೆ ಹತ್ತಿ?"

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿನಗ ಎದಿಯಾಗ ಕಫ ಕಟ್ಟಿ ಜ್ವರ ಬಂದಿತ್ತಲ್ಲ, ಅವಾಗಿಂದ. ಒಮ್ಮಿಗೇ ಇಳಿಸಿಲ್ಲ ತಮ್ಮಾ. ಕೂದಲೆಳಿಯಷ್ಟು... ಕೂದಲೆಳಿಯಷ್ಟು."

ಆ ಜ್ವರ ಬಂದಾಗ ನಾನಿನ್ನೂ ಸಾಲೆಗೇ ಹೋಗುತ್ತಿರಲಿಲ್ಲ.

"ಮೌಲಾ, ನಿನಗೂ ಗೊತ್ತಿತ್ತೇನು? ಅದಕ್ಕೇನು ಇಲಿ ಕಡೀತು ಅಂತ ಹೇಳಿ ಹಳೇ ತಬಲಾ ಬಿಟ್ಟು ಈ ಇಳಿದನಿಯ ದೊಡ್ಡ ಬಾಯಿದು ತಂದಿ?"

"ಇಲಿ ಖರೇನೇ ಕಡಿದಿತ್ರಿ ಮಾಸ್ತರ," ಎಂದ ಚಾಚಾ. ಅವನ ಕಣ್ಣು ತುಂಬಿದ್ದವು.

ಅಪ್ಪ ಸಿಟ್ಟಾಗಲಿಲ್ಲ. "ಛಲೋ ಮಾಡಿದ್ರಿ" ಎಂದು ಎದ್ದು ಒಳಗೆ ಹೋದ. ಅದಾದ ಮೇಲೆ ಜನರೆದುರು ಹಾಡಲಿಲ್ಲ. ಎರಡು ಸೋಮವಾರ ಓಣಿಯವರು ಬಂದು ಸುಮ್ಮನೆ ಕೂತು ಹೋದರು, ಮೂರನೆಯದಕ್ಕೆ ಬರಲಿಲ್ಲ. ಪೆಟ್ಟಿಗೆ ಗೋಡೆಯ ಗೂಡಿನಲ್ಲಿ ಉಳಿದು, ಅದರ ಸೆಲ್ಲು ಸೋರಿ ಹಸಿರಾಯಿತು. ಅಷ್ಟು ದೊಡ್ಡದಲ್ಲದ ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ದೂರವಾಗಿಬಿಟ್ಟೆವು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಸೋಮವಾರ ಬಂದರೆ ತಂಬೂರಿ ಕೆಳಗಿಳಿಸಿ, ಒರೆಸಿ, ಜೀವಾಳ ತೂರಿಸಿ, ನಾಲ್ಕು ಸಲ ಮೀಟಿ, ಮತ್ತೆ ಗವಸಣಿಗೆ ಹಾಕುತ್ತಿದ್ದಳು.

ಪೆಟ್ಟಿಗೆಯನ್ನು ಬಯ್ಯುವವಳು ನಾನಲ್ಲ. ಎಷ್ಟೋ ಮಾರಿದ್ದೇನೆ, ಇನ್ನೂ ಮಾರುತ್ತೇನೆ. ಒಂಟಿಯಾಗಿ ಅಭ್ಯಾಸ ಮಾಡುವವರಿಗೆ, ಬಸ್ಸಿನಲ್ಲಿ ತಿರುಗುವವರಿಗೆ ಅದರಂಥದು ಇನ್ನೊಂದಿಲ್ಲ. ಹಾಡುವವರೇ, ಹೊಸ ಕೀಬೋರ್ಡನ್ನೂ ಕೊಳ್ಳಿ, ಬೇಡ ಅನ್ನುವುದಿಲ್ಲ. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ: ಇಷ್ಟು ದಿನ ನಿಮ್ಮ ಹಿಂದೆ ಕೂತು ಮೀಟಿದವರನ್ನು ಕೇಳಿ. ನಿಮ್ಮ ದನಿಯ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ಕೊಳಕೂರಿನವನಿಗೂ ಇದನ್ನೇ ಹೇಳಿದೆ. ಅವನ ತಂಬೂರಿ ಮೀಟುವವಳು ಹೆಂಡತಿಯಂತೆ. ಮನೆಗೆ ಹೋಗಿ ಕೇಳಿ ಬಾ ಎಂದು ಕಳಿಸಿದೆ. ಇನ್ನೂ ಬಂದಿಲ್ಲ.

ಅಪ್ಪ ತೀರಿಕೊಳ್ಳುವ ಹಿಂದಿನ ಚಳಿಗಾಲದ ಒಂದು ಸೋಮವಾರ ಅತ್ತೆ ಎಂದಿನಂತೆ ಮೀಟುತ್ತಿದ್ದಳು. ನಾನು ಅಂಗಳದಲ್ಲಿ ತೊಗರಿ ಕೇರುತ್ತಿದ್ದೆ. ಒಳಕೋಣೆಯಿಂದ ಒಂದು ಗುನುಗು ಬಂತು. ಅಪ್ಪನದು. ಹಾಡಲ್ಲ, ಬರೀ ಷಡ್ಜ. ಬಿಳಿ ಒಂದಕ್ಕಿಂತಲೂ ಕೆಳಗೆ ಇಳಿದಿತ್ತು. ಅತ್ತೆ ಕಣ್ಣು ಮುಚ್ಚಿ ಒಂದು ಕ್ಷಣ ಆಲಿಸಿದಳು. ಅವಳ ಬಾತ ಬೆರಳುಗಳು ತಂತಿ ಬಿಗಿಯುವ ಬಿರಡೆಗೆ ಹೋಗಿ ಅದನ್ನು ಒಂದಿಷ್ಟೇ ಸಡಿಲಿಸಿದವು, ಮತ್ತೆ ಒಂದಿಷ್ಟು. ಎರಡು ದನಿಯೂ ಒಂದರೊಳಗೊಂದು ಕೂತವು. ಅವಳು ಬಾಗಿಲ ಕಡೆ ನೋಡಲಿಲ್ಲ, ಅವನು ಹೊರಗೆ ಬರಲಿಲ್ಲ. ನಾನು ಮೊರ ಹಿಡಿದವಳು ಹಾಗೆಯೇ ನಿಂತೆ.

ಈಗ ಅತ್ತೆಯೂ ಇಲ್ಲ, ಆ ತಂಬೂರಿ ನನ್ನ ಮನೆಯಲ್ಲಿದೆ. ಒಳ್ಳೆಯ ಗಿರಾಕಿಗಳು ಬಂದು ಕೇಳಿದ್ದಾರೆ, ಮಾತನ್ನೇ ಬೆಳೆಸಿಲ್ಲ. ಸೋಮವಾರ ಅಂಗಡಿಯ ಬಾಗಿಲು ಬೇಗ ಹಾಕಿ ಹೋಗಿ ಗವಸಣಿಗೆ ಬಿಚ್ಚುತ್ತೇನೆ. ತಂತಿಯನ್ನು ಅತ್ತೆ ಕಡೆಯದಾಗಿ ಬಿಟ್ಟ ಶ್ರುತಿಗೇ ಕೂಡಿಸುತ್ತೇನೆ. ಮೀಟುತ್ತ ಒಂದು ಕೈಯನ್ನು ಬಿರಡೆಯ ಹತ್ತಿರವೇ ಇಟ್ಟುಕೊಂಡಿರುತ್ತೇನೆ, ಖಾಲಿ ಒಳಕೋಣೆಯ ಕಡೆ ಕಿವಿಗೊಟ್ಟು.