ಲುಬ್ನಾ ಬ್ರೇಕ್ ಪ್ಯಾಡ್ ಬದಲಿಸಿದ ಶುಕ್ರವಾರ

ಶಿವಾಜಿನಗರದ ಆ ಗಲ್ಲಿಯಲ್ಲಿ ಯಾರಾದರೂ ಕಾರನ್ನು ಜಾಕ್ ಹಾಕಿ ಎತ್ತಿದರೆ ಎಂಟು ಮಂದಿ ಗಂಡಸರು ಸುತ್ತ ನೆರೆಯುತ್ತಾರೆ. ಏಳು ಜನ ಸಲಹೆ ಕೊಡುತ್ತಾರೆ, ಎಂಟನೆಯವನು ಕೈಯಿಂದ ಸ್ಪ್ಯಾನರನ್ನೇ ಕಸಿದುಕೊಳ್ಳುತ್ತಾನೆ. ಇದು ಗೊತ್ತಿದ್ದೇ ಲುಬ್ನಾ ಜುಮ್ಮಾ ನಮಾಜಿನ ಹೊತ್ತನ್ನು ಆರಿಸಿಕೊಂಡಳು. ಶುಕ್ರವಾರ ಹನ್ನೆರಡೂವರೆಗೆ ಗಂಡಸರೆಲ್ಲ ಅತ್ತರು ಹಚ್ಚಿಕೊಂಡು ಮಸೀದಿಗೆ ಹೊರಟರೆ, ನಮಾಜು ಮುಗಿದ ಮೇಲೂ ಬಾಗಿಲಲ್ಲಿ ಮಾತಾಡುತ್ತ ನಿಂತು, ಎರಡು ಗಂಟೆಗೆ ಮುಂಚೆ ಹಿಂತಿರುಗುವುದಿಲ್ಲ. ಅಷ್ಟು ಹೊತ್ತು ಗಲ್ಲಿಯಲ್ಲಿ ಬೈಕುಗಳೂ ಇರುವುದಿಲ್ಲ, ಬುದ್ಧಿಮಾತೂ ಇರುವುದಿಲ್ಲ.

ಮೂರು ಗಂಟೆಗೆ ಅತ್ತೆ ಇಮಾಮ್ ಬೀಯನ್ನು ಇಂದಿರಾನಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ವಾರಕ್ಕೆ ಮೂರು ದಿನದ ಓಡಾಟ. ಆಟೋದ ಕುಲುಕಾಟ ಆ ಜೀವಕ್ಕೆ ಆಗದು. ಕಾರೇ ಬೇಕು, ಕಾರಿನ ಬ್ರೇಕು ಮಾತ್ರ ಸರಿಯಿರಲಿಲ್ಲ.

ಮೂರು ವಾರದಿಂದ ಮುಂದಿನ ಎಡಚಕ್ರ ಬ್ರೇಕ್ ಹಾಕಿದಾಗಲೆಲ್ಲ ಕೀರುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಕೂರುವ ಲುಬ್ನಾಗೆ ಅದು ಮೊದಲ ದಿನವೇ ಕೇಳಿಸಿತ್ತು. ಮಿಕ್ಸಿಯ ಬುಷ್ ಸವೆದದ್ದು, ಸಿಲಿಂಡರ್ ಮುಗಿಯುತ್ತ ಬಂದದ್ದು, ಪಕ್ಕದ ಕೋಣೆಯಲ್ಲಿ ಅತ್ತೆಯ ಉಸಿರು ಬದಲಾದದ್ದು, ಎಲ್ಲವನ್ನೂ ಆ ಮನೆಯಲ್ಲಿ ಮೊದಲು ಕೇಳಿಸಿಕೊಳ್ಳುವವಳು ಅವಳೇ. ಗಂಡ ವಾಜಿದ್ ಮಾತ್ರ ಧೂಳು ಅಂದ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು. ಅವನು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಸುರಿದ, ದೀಪ ಆರಿತು, ಅವನ ಲೆಕ್ಕದಲ್ಲಿ ರಿಪೇರಿ ಮುಗಿಯಿತು. ಮೆಕ್ಯಾನಿಕ್ ಭಾನುವಾರ ಸಿಗುತ್ತಾನೆ, ಇನ್ನೊಂದು ಟ್ರಿಪ್ಪಿಗೆ ಏನೂ ಆಗುವುದಿಲ್ಲ ಎಂದು ಬೆಳಗ್ಗೆಯೂ ಹೇಳಿದ್ದ. ಆ ಹೊತ್ತಿಗಾಗಲೇ ಹೊಸ ಬ್ರೇಕ್ ಪ್ಯಾಡುಗಳು ಅವಳ ಹಿಟ್ಟಿನ ಡಬ್ಬದ ಹಿಂದೆ ಕೂತಿದ್ದವು.

ಅವಳಿಗೆ ಈ ಕೆಲಸ ಹೊಸದಲ್ಲ. ಅಪ್ಪನದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿ. ಗಲ್ಲಾದಲ್ಲಿ ಅಪ್ಪ ಕೂರುತ್ತಿದ್ದ. ಹಿತ್ತಲಲ್ಲಿ ಅಮ್ಮ ಮತ್ತು ಮೂವರು ಹೆಣ್ಣುಮಕ್ಕಳು ಸೀಮೆಎಣ್ಣೆಯಲ್ಲಿ ಕೈ ಅದ್ದಿ, ಬಂದ ಕಬ್ಬಿಣವನ್ನೆಲ್ಲ ಬಿಚ್ಚಿ, ತಿಕ್ಕಿ, ಜೋಡಿ ಮಾಡಿಡುತ್ತಿದ್ದರು. ಗಿರಾಕಿಗಳು ಅಪ್ಪನ ಕೈಗುಣ ಹೊಗಳಿ ಹೋಗುತ್ತಿದ್ದರು. ಆ ಎಂಟು ಕೈಗಳ ಸುದ್ದಿ ಯಾರೂ ಎತ್ತಲಿಲ್ಲ.

ವಾಜಿದ್‌ನ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ತಡ, ಲುಬ್ನಾ ದುಪಟ್ಟಾ ಸೊಂಟಕ್ಕೆ ಬಿಗಿದಳು. ಎದುರುಮನೆಯ ಗಂಗಲಕ್ಷ್ಮಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದವರು ಎದ್ದು, ಹಿಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟು ಮತ್ತೆ ಕೂತರು.

“ನಿಮ್ಮೋರಿಗೆ ಗೊತ್ತಾ?”

“ಬಂದ್ಮೇಲೆ ಗೊತ್ತಾಗತ್ತೆ.”

“ಹಂಗಾದ್ರೆ ಬೇಗ ಮುಗಿಸ್ಕೋ. ಅವರೆಕಾಯಿ ಸುಲಿಯೋಳು ನಾನು, ಸುಳ್ಳು ಹೇಳಕ್ಕೆ ನಂಗೆ ಪುರುಸೊತ್ತಿಲ್ಲ.”

ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಕಾರು ಎತ್ತಿದಳು. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿದಳು, ಜಾಕ್ ಕೈಕೊಟ್ಟರೆ ಮೈಮೇಲೆ ಬೀಳದಿರಲಿ ಎಂದು. ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರನ್ನು ಬಿಚ್ಚಿ, ಅದು ರಬ್ಬರ್ ಪೈಪಿನಿಂದ ಜೋತಾಡದಂತೆ ಹಳೇ ಲಂಗದ ಲಾಡಿಯಿಂದ ಮೇಲಕ್ಕೆ ಕಟ್ಟಿದಳು. ಒಳಗಿನ ಪ್ಯಾಡನ್ನು ತೆಗೆದು ಬೆರಳಿನಿಂದ ಅಳೆದಳು. ಹಪ್ಪಳದಷ್ಟೂ ದಪ್ಪ ಉಳಿದಿರಲಿಲ್ಲ. ಬುಧವಾರ ಇದನ್ನೇ ನಂಬಿ ಅತ್ತೆಯನ್ನು ಕೂರಿಸಿಕೊಂಡು ಹೋಗಿ ಬಂದಿದ್ದರು.

ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗವಾಗಬೇಕಾದರೆ ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತುವ ಮುಂಚೆ ಲುಬ್ನಾ ಬಾನೆಟ್ ತೆರೆದು ನೋಡಿದಳು. ಅನುಮಾನ ನಿಜವಾಗಿತ್ತು. ವಾಜಿದ್ ಬ್ರೇಕ್ ಆಯಿಲನ್ನು ಕಂಠದವರೆಗೆ ತುಂಬಿಸಿದ್ದ. ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತದೆ, ಪಿಸ್ಟನ್ ಒತ್ತಿದರೆ ಅದೆಲ್ಲ ಹಿಂದೆ ಬರುತ್ತದೆ. ತುಂಬಿದ ಪಾತ್ರೆಗೆ ಇನ್ನೊಂದು ಲೋಟ ಹಾಲು ಹೊಯ್ದಂತೆ ಉಕ್ಕಿ, ಬಿದ್ದ ಕಡೆಯ ಬಣ್ಣವನ್ನೆಲ್ಲ ಕಿತ್ತುಹಾಕುತ್ತಿತ್ತು. ಅತ್ತೆಗೆ ಔಷಧಿ ಹಾಕುವ ಸಿರಿಂಜುಗಳಲ್ಲಿ ಹೊಸದೊಂದನ್ನು ತಂದು, ಸುತ್ತ ಒದ್ದೆಬಟ್ಟೆ ಹಾಸಿ, ಬೇಕಾದಷ್ಟು ಆಯಿಲ್ ಎಳೆದು ತೆಗೆದಳು. ಆಮೇಲೆ ಪಿಸ್ಟನ್ನಿಗೆ ಕ್ಲಾಂಪು ಸಿಕ್ಕಿಸಿ ಅದರ ತಿರುಪನ್ನು ನಿಧಾನವಾಗಿ ತಿರುಗಿಸಿದಳು. ಪಿಸ್ಟನ್ ಸದ್ದಿಲ್ಲದೆ ಒಳಗೆ ಸರಿಯಿತು.

ಹೊಸ ಪ್ಯಾಡು ಮುಟ್ಟುವ ಮುಂಚೆ ಎರಡು ಸಲ ಸೋಪು ಹಾಕಿ ಕೈ ತೊಳೆದಳು. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುವ ಹೆಂಗಸುಂಟೇ? ಗ್ರೀಸಿನ ಒಂದು ಬೆರಳಗುರುತು ಸಾಕು, ಬ್ರೇಕು ಜಾರಲು. ಎಡಗಡೆ ಮುಗಿಸಿ ಬಲಗಡೆಗೆ ಹೋದಳು. ಬಲಚಕ್ರ ಕೂಗುತ್ತಿರಲಿಲ್ಲ ನಿಜ, ಆದರೂ ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಆದರೆ ಕಾರು ಪಕ್ಕಕ್ಕೆ ಎಳೆಯುತ್ತದೆ.

ಕೊನೆಯ ನಟ್ಟು ಬಿಗಿಯುವಾಗ ವಾಜಿದ್ ಬಂದ, ಹಿಂದೆಯೇ ಪಕ್ಕದ ಮನೆಯ ಆದಿಲ್. ವಾಜಿದ್ ಏನೂ ಕೇಳದೆ ಬಾಗಿಲು ತೆಗೆದು ಕೂತು ಬ್ರೇಕ್ ಒತ್ತಿದ. ಪೆಡಲು ನೇರ ನೆಲಕ್ಕೆ ಹೋಯಿತು.

ಆದಿಲ್ ನಕ್ಕ. “ಭಾಭಿ ಬ್ರೇಕನ್ನೇ ತೆಗೆದುಬಿಟ್ಟಿದ್ದಾರೆ ಗುರು.”

ವಾಜಿದ್‌ನ ಮುಖ ಬಿಳಿಚಿತು. ಲುಬ್ನಾ ಅವನನ್ನು ಇಳಿಸಿ ತಾನು ಕೂತಳು. ಎಂಜಿನ್ ಹಚ್ಚದೆಯೇ ಪೆಡಲನ್ನು ಒಂದೇ ಸಮನೆ ಒತ್ತುತ್ತ ಹೋದಳು. ಹಿಂದೆ ಸರಿದ ಪಿಸ್ಟನ್ ಮತ್ತೆ ಮುಂದೆ ಬಂದು ಪ್ಯಾಡನ್ನು ಹಿಡಿಯಬೇಕಲ್ಲ. ಏಳನೆಯ ಸಲಕ್ಕೆ ಪೆಡಲು ಕಲ್ಲಿನಂತಾಯಿತು. ಆಯಿಲಿನ ಮಟ್ಟ ನೋಡಿ ಬಂದು, ಗಲ್ಲಿಯ ತುದಿಯವರೆಗೆ ನಡಿಗೆಯ ವೇಗದಲ್ಲಿ ಓಡಿಸಿ, ಆರು ಕಡೆ ನಿಲ್ಲಿಸಿ, ತಿರುಗಿಸಿಕೊಂಡು ಬಂದಳು. ಅವಳಿಗೆ ಲೈಸೆನ್ಸ್ ಸಿಕ್ಕಿ ಆರು ವರ್ಷವಾಗಿತ್ತು.

ವಾಜಿದ್‌ಗೆ ಸಮಾಧಾನವಾಗಲಿಲ್ಲ. “ನಾನಂತೂ ಓಡಿಸಲ್ಲ. ಅಮ್ಮೀನ ಕೂರಿಸ್ಕೊಂಡು ಪರೀಕ್ಷೆ ಮಾಡಕ್ಕಾಗಲ್ಲ.”

ಇಮಾಮ್ ಬೀ ಬಾಗಿಲಲ್ಲಿ ಕೋಲೂರಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗನ ಕಡೆ ನೋಡದೆ ಸೊಸೆಯನ್ನು ಒಂದೇ ಮಾತು ಕೇಳಿದಳು. “ನಿನ್ನ ತಾಯಿ ಬದುಕಿದ್ದಿದ್ರೆ ಇದ್ರಲ್ಲಿ ಕೂರಿಸ್ತಿದ್ಯಾ?”

“ಕೂರಿಸ್ತಿದ್ದೆ ಅಮ್ಮೀ.”

ಮುದುಕಿ ಮುಂದಿನ ಬಾಗಿಲನ್ನು ತಾನೇ ತೆರೆದು ಕೂತಳು. ವಾಜಿದ್ ಆಸ್ಪತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಸೇರಿದ.

ಹಲಸೂರು ದಾಟುವಾಗ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಲುಬ್ನಾ ಒತ್ತಿದಳು. ಕಾರು ಕೀರಲಿಲ್ಲ, ಪಕ್ಕಕ್ಕೆಳೆಯಲಿಲ್ಲ, ಬಸ್ಸಿಗೆ ಎರಡು ಮೊಳ ಉಳಿಸಿ ನಿಂತಿತು. ಇಮಾಮ್ ಬೀ ಡ್ಯಾಶ್‌ಬೋರ್ಡಿಗೆ ಚಾಚಿದ್ದ ಕೈಯನ್ನು ಹಿಂತೆಗೆದು ಮಡಿಲಲ್ಲಿಟ್ಟುಕೊಂಡಳು.

“ವಾಜಿದ್,” ಅಂದಳು, ತಲೆ ತಿರುಗಿಸದೆ. “ಇನ್ನು ಲುಬ್ನಾನೇ ನನ್ನ ಕರ್ಕೊಂಡು ಬರ್ತಾಳೆ, ಕರ್ಕೊಂಡು ಹೋಗ್ತಾಳೆ. ಆಸ್ಪತ್ರೇಲಿ ನಾಲ್ಕು ಗಂಟೆ ಹೊತ್ತು ಇಬ್ರು ಕಾಯೋದು ಯಾಕೆ? ನೀನು ಮನೆಗೆ ಹೋಗಿ ಪಾತ್ರೆ ತೊಳಿ.”

ಹಿಂದಿನ ಸೀಟಿನಲ್ಲಿ ವಾಜಿದ್ ಆಸ್ಪತ್ರೆಯ ಚೀಲವನ್ನು ತೊಡೆಯಿಂದ ಪಕ್ಕಕ್ಕೆ ಇಳಿಸಿದ.

“ಕುಕ್ಕರ್ ನೆನೆಸಿಟ್ಟಿದೀನಿ,” ಅಂದಳು ಲುಬ್ನಾ ರಸ್ತೆಯನ್ನೇ ನೋಡುತ್ತ, ಗೇರ್ ಹಾಕಿದಳು.