ತೆಳ್ಳಗಿನ ಫಿಸಿಕ್ಸ್ ಪುಸ್ತಕ

ನನ್ನ ಕಾಕಾನ ಮಗಳು ನನಗಿಂತ ಐದು ತಿಂಗಳಿಗೆ ಚಿಕ್ಕವಳು. ಅಳವಂಡಿಯಲ್ಲಿ ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಒಂದೇ ಬಸ್ಸಿಗೆ ಕೊಪ್ಪಳದ ಕಾಲೇಜಿಗೆ ಹೋಗುತ್ತಿದ್ದೆವು. ಇಬ್ಬರಿಗೂ ಪಿಯುಸಿ ಎರಡನೇ ವರ್ಷ, ಇಬ್ಬರಿಗೂ ಬೇಕಾಗಿದ್ದದ್ದು ಬಿಎಸ್ಸಿ ಅಗ್ರಿ ಸೀಟು. ಅದು ಅವಳಿಗೆ ಸಿಕ್ಕು ನನಗೆ ಸಿಗದೆ ಹೋದರೆ ಏನು ಗತಿ ಎಂಬ ಚಿಂತೆಯಲ್ಲೇ ನಾನು ಆ ವರ್ಷ ಕಳೆದೆ. ಸುಳ್ಳೇಕೆ ಹೇಳಲಿ, ನನಗೆ ಸಿಗಬೇಕು ಎನ್ನುವುದಕ್ಕಿಂತ ಅವಳಿಗೆ ಸಿಗಬಾರದು ಎನ್ನುವ ಆಸೆಯೇ ಹೆಚ್ಚಾಗಿತ್ತು.

ಅವಳೇನು ಜಂಬದವಳಲ್ಲ. ಆಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಒಮ್ಮೆ ಓದಿದ್ದು ಅವಳ ತಲೆಯಲ್ಲಿ ಕೂತುಬಿಡುತ್ತಿತ್ತು. ನಾನು ಅದೇ ಪಾಠವನ್ನು ನಾಲ್ಕು ಸಲ ಉರು ಹೊಡೆಯಬೇಕು. ಬೆಳಿಗ್ಗೆ ಗೋಡೆಯಾಚೆಯಿಂದ ಅವಳು ಓದುವ ದನಿ ಕೇಳಿಸಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಫಿಸಿಕ್ಸ್ ಕಲಿಸುತ್ತಿದ್ದ ಸರ್ ದಸರೆಯ ಹೊತ್ತಿಗೆ ಬೇರೆ ಊರಿಗೆ ಹೋದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಕೋಚಿಂಗಿನ ಮಾತು ನಮ್ಮ ಮನೆಗಳಲ್ಲಿ ಏಳುವಂತೆಯೇ ಇರಲಿಲ್ಲ, ಹಾಗಾಗಿ ನಾವೇ ಓದಿಕೊಳ್ಳಬೇಕಾಯಿತು. ಕ್ಲಾಸಿನವರೆಲ್ಲ ಗೈಡುಗಳ ಹಿಂದೆ ಬಿದ್ದರು. ಕೊಂಡ ಗೈಡಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿ ಹೆಸರು ಮುಚ್ಚುವುದು ನಮ್ಮಲ್ಲಿ ರೂಢಿ. ಯಾವುದನ್ನು ಓದುತ್ತಿದ್ದೀಯೆಂದು ಕೇಳಿದರೆ, ಏನೂ ಓದುತ್ತಿಲ್ಲ ಎನ್ನುವುದೇ ಎಲ್ಲರ ಉತ್ತರ. ಇವಳೊಬ್ಬಳು ಮಾತ್ರ ಹೊದಿಕೆಯಿಲ್ಲದ ಪುಸ್ತಕವನ್ನು ಎದೆಗವಚಿಕೊಂಡು ಬಸ್ಸು ಹತ್ತುತ್ತಿದ್ದಳು. ಅದು ಹೇಗಿದೆಯೆಂದು ಒಂದು ದಿನ ಕೇಳಿಯೇಬಿಟ್ಟೆ.

"ಈ ತೆಳ್ಳಂದ ತಗೋ ಯಕ್ಕಾ," ಎಂದಳು. "ಹಳೇ ಪ್ರಶ್ನಿ ಎಲ್ಲಾ ಬಿಡಿಸಿ ತೋರ್ಸ್ಯಾರ. ಇಷ್ಟ ಮಾಡಿದ್ರ ಸಾಕು."

ನಾನು ನಂಬಲಿಲ್ಲ. ಬಸ್ಸಿನಲ್ಲಿ ತೋರಿಸಲು ತೆಳ್ಳಗಿನದು, ಮನೆಯಲ್ಲಿ ಓದಲು ಬೇರೆ ಯಾವುದೋ ದಪ್ಪನೆಯದು ಇಟ್ಟಿದ್ದಾಳೆ ಎಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ಹಾಗೇ ಮಾಡುತ್ತಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಒಬ್ಬಳೇ ಹೋಗಿ, ಇದ್ದುದರಲ್ಲೇ ದಪ್ಪನೆಯ ಫಿಸಿಕ್ಸ್ ಪುಸ್ತಕ ಆರಿಸಿದೆ. ಇದು ಕಲಿಸುವವರು ಒಯ್ಯುವ ಪುಸ್ತಕ, ನಿನಗೆ ಭಾರವಾದೀತು ಎಂದು ಅಂಗಡಿಯವರು ಹೇಳಿದರು. ಕೇಳುವವಳೇ ನಾನು? ಅವಳು ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಹಾಸಿಗೆಯ ಸುರುಳಿಯೊಳಗೆ ತೂರಿಸಿಡುತ್ತಿದ್ದೆ. ಪರೀಕ್ಷೆ ಬಂದರೂ ಮೂರನೆಯ ಪಾಠ ದಾಟಲಿಲ್ಲ.

ಆ ಪುಸ್ತಕ ತಂದ ವಾರದಲ್ಲೇ ಅವಳು, ಬಯಾಲಜಿಗೆ ಯಾವುದು ಒಳ್ಳೆಯದೆಂದು ನನ್ನನ್ನು ಕೇಳಿದಳು. ನನ್ನ ಬಳಿ ಎರಡಿದ್ದವು. ಒಂದು ಸುಲಭವಾದದ್ದು, ಅದನ್ನೇ ನಾನು ಓದುತ್ತಿದ್ದೆ. ಇನ್ನೊಂದು ಸಣ್ಣ ಅಕ್ಷರದ, ನೆಟ್ಟಗೆ ಚಿತ್ರವೂ ಇಲ್ಲದ ಪೀಡೆ. ಎರಡೇ ದಿನ ನೋಡಿ ಮೂಲೆಗೆ ಎಸೆದಿದ್ದೆ. ಆ ಪೀಡೆಯ ಹೆಸರನ್ನೇ ಹೇಳಿದೆ. "ನಾನೂ ಅದನ್ನ ಓದಾಕತ್ತೀನಿ," ಎಂದೂ ಸೇರಿಸಿದೆ. ಅವಳು ಮರುದಿನವೇ ಕೊಂಡು ತಂದಳು. ಆ ರಾತ್ರಿ ನನಗೆ ಒಂದು ರೊಟ್ಟಿ ಹೆಚ್ಚೇ ಸೇರಿತು.

ಸಿಇಟಿ ಮುಗಿದು ಸೀಟು ಹಂಚಿಕೆಯಾದಾಗ ಅವಳಿಗೆ ರಾಯಚೂರಿನಲ್ಲಿ ಅಗ್ರಿ ಸಿಕ್ಕಿತು. ಫಿಸಿಕ್ಸ್ ಕೈಕೊಟ್ಟಿದ್ದರಿಂದ ನನಗೆ ಎಲ್ಲೂ ಸಿಗಲಿಲ್ಲ. ಮೊಬೈಲನ್ನು ಮಗುಚಿ ಇಟ್ಟು ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಪೇಡೆ ತಂದು ನನ್ನ ಪಕ್ಕದಲ್ಲೇ ಕೂತಳು.

"ನೀ ಹೇಳಿದ ಬಯಾಲಜಿ ಪುಸ್ತಕನ ನನ್ನ ದಂಡಿಗೆ ಹಚ್ತು ಯಕ್ಕಾ," ಎಂದಳು. "ಬ್ಯಾಸರಾಗಿ ಬಿಟ್ಟಬಿಡೂಣು ಅನಸ್ತಿತ್ತು. ಯಕ್ಕನೂ ಓದಾಕತ್ತಾಳಲ್ಲ ಅಂತ ಒಂದ್ ಹಾಳಿ ಬಿಡಲಾರದ ಮುಗಿಸಿದೆ."

ಕೈಯಲ್ಲಿದ್ದ ಪೇಡೆಯನ್ನು ಕೆಳಗಿಟ್ಟೆ. ಅವಳ ಕಣ್ಣಲ್ಲಿ ನೀರಿತ್ತು.

"ಆದ್ರ ನಾ ಹೇಳಿದ ಫಿಸಿಕ್ಸ್ ಪುಸ್ತಕದಿಂದ ನಿಂದು ಹೋತು. ತಪ್ಪು ನಂದ ಐತಿ ಯಕ್ಕಾ."

ಅವಳು ಹೇಳಿದ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ಕೂಡ ನೋಡಿರಲಿಲ್ಲ. ಅದನ್ನು ಹೇಳಲು ಒಂದೇ ಮಾತು ಸಾಕಿತ್ತು. ಅವಳು ಅಳುತ್ತಿದ್ದರೂ, ಸೀಟು ಅವಳದಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

"ಹೋಗ್ಲಿ ಬಿಡು," ಎಂದೆ, ದೊಡ್ಡ ಮನಸ್ಸಿನವಳಂತೆ.